ಶಿವಗಂಗವ್ವನ ಕಿಡ್ನಿಗೆ ಎಷ್ಟು ವಯಸ್ಸು?

೧

ಎಲ್ಲಿಂದ ಶುರು ಮಾಡಲಿ? ಮೂತ್ರಪಿಂಡದಿಂದ ಶುರು ಮಾಡಿದರೆ ನೀವು ಪುಟ ತಿರುಗಿಸುತ್ತೀರಿ. ತಾಯಿಯ ತ್ಯಾಗದಿಂದ ಶುರು ಮಾಡಿದರೆ ಕರ್ಚೀಪು ತೆಗೆಯುತ್ತೀರಿ. (ಅನುವಾದಿತ ಕಾದಂಬರಿ ಓದಿ ಕೆಟ್ಟವನು ನಾನು. ಎರಡೂ ನನಗೆ ಅವಮಾನವೇ.)

ಹಾಗಾಗಿ ಬಸ್ಸಿನಿಂದ. ಕುಂದಗೋಳದಿಂದ ಹುಬ್ಬಳ್ಳಿಗೆ ಹೊರಟ ಬಸ್ಸಿನಲ್ಲಿ ಶಿವಗಂಗವ್ವ ತನ್ನ ವಯಸ್ಸನ್ನು ಬಾಯಿಪಾಠ ಮಾಡುತ್ತಿದ್ದಳು: ಐವತ್ತೆಂಟು, ಐವತ್ತೆಂಟು. ಅವಳಿಗೆ ನಿಜವಾಗಿ ಎಪ್ಪತ್ತೊಂದು. ಆದರೆ ಆಧಾರ್ ಕಾರ್ಡು ಅವಳ ಪರ. ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಜನವರಿ ಒಂದು. ವರ್ಷವನ್ನು ಮುಖ ನೋಡಿ ಬರೆದಿದ್ದರು, ಮುಖ ಆಗ ಗಟ್ಟಿಮುಟ್ಟಾಗಿತ್ತು.

ಪಕ್ಕದಲ್ಲಿ ಮಗ ಸಿದ್ಧಾರೂಢ, ನಲವತ್ತರವ, ಊರಲ್ಲಿ ಹಿಟ್ಟಿನ ಗಿರಣಿ ಇಟ್ಟವ. ಅವನ ಎರಡೂ ಕಿಡ್ನಿ ಕೆಟ್ಟು ಡಯಾಲಿಸಿಸ್ ನಡೆದಿದೆ. ಹೆಂಡತಿ ಮಹಾನಂದಾಳ ರಕ್ತದ ಗುಂಪು ಹೊಂದಲಿಲ್ಲ. ಅವ್ವನದು ಹೊಂದಿತು. ಇವತ್ತು ಅವ್ವನ ತಪಾಸಣೆಯ ಫಲಿತಾಂಶ.

೨

ಡಾಕ್ಟರ್ ಅರುಣಾ ಸ್ಕ್ಯಾನ್ ಬೆಳಕಿಗೆ ಹಿಡಿದರು.

"ಅಮ್ಮಾರ, ವಯಸ್ಸು ಎಷ್ಟ್ರಿ?"

"ಐವತ್ತೆಂಟ್ರಿ. ಕಾರ್ಡ್ ನೋಡ್ರಲಾ ಡಾಕ್ಟರ್ ಬಾಯಾರ."

"ಕಾರ್ಡೂ ನೋಡೀನ್ರಿ, ಕಿಡ್ನೀನೂ ನೋಡೀನಿ. ಎರಡೂ ಒಂದ ಹೇಳವಲ್ಲವು."

(ಇಲ್ಲಿ ಎರಡು ಪುಟ ವಿವರಣೆ ಇತ್ತು. ನನಗೇ ಆಕಳಿಕೆ ಬಂದು ಹೊಡೆದುಹಾಕಿದೆ. ಉಳಿದದ್ದು: ವಯಸ್ಸಾದಂತೆ ಕಿಡ್ನಿ ಸ್ವಲ್ಪ ಕುಗ್ಗುತ್ತದೆ. ಒಳಗಿನ ಸಣ್ಣ ಸಣ್ಣ ಸೋಸುಕಗಳು ಒಂದೊಂದಾಗಿ ಕೆಲಸ ಬಿಡುತ್ತವೆ. ರಕ್ತನಾಳಗಳು ಗಡುಸಾಗುತ್ತವೆ, ರಕ್ತ ಸೋಸುವುದು ನಿಧಾನವಾಗುತ್ತದೆ. ಕೂದಲು ನರೆತಷ್ಟೇ ಸಹಜ.)

"ಅಂದ್ರ ನನಗ ಬ್ಯಾನಿ ಐತೇನ್ರಿ?"

"ಏನೂ ಇಲ್ರಿ. ಎರಡೂ ಕೂಡಿ ನಿಮ್ಮನ್ನ ಚೊಲೋ ನಡಸ್ತಾವ. ಒಂದ ತಗದ್ರ ನಿಮಗೂ ಸಾಲೂದಿಲ್ಲ, ಅವರಿಗೂ ಸಾಲೂದಿಲ್ಲ."

"ಹಳೇ ಮಷಿನ್ನೂ ಹಿಟ್ಟು ಬೀಸತೈತ್ರೀ."

ಮಗ ನೆಲ ನೋಡುತ್ತ ಅಂದ: "ಬೀಸತೈತಬೇ. ಅದರ ಮ್ಯಾಲ ಎರಡೂರಿನ ಜ್ವಾಳಾ ಸುರೀಬಾರದು."

(ನಾನು ಬತ್ತುವ ಜಲಾಶಯದ ರೂಪಕವೊಂದನ್ನು ಇಟ್ಟುಕೊಂಡು ಕಾದಿದ್ದೆ. ಸದ್ದಿಲ್ಲದೆ ಜೇಬಿಗೆ ಹಾಕಿಕೊಂಡೆ.)

೩

ಮೊದಲ ಕರಡು: ಡಾಕ್ಟರ್ ಒಪ್ಪುತ್ತಾರೆ, ಆಪರೇಷನ್ನಿನಲ್ಲಿ ಅವ್ವ ಸಾಯುತ್ತಾಳೆ. ಬಹುಮಾನ ಬರುವಂತಿತ್ತು, ನಾಚಿಕೆಯಾಗಿ ಹರಿದೆ.

ಎರಡನೆಯದು ಬರೆಯುವ ಮುಂಚೆಯೇ ಶಿವಗಂಗವ್ವ ನನ್ನ ಕಡೆ ತಿರುಗಿದಳು.

"ಬರಿಯಾಂವ ನೀನಲಾ, ತಮ್ಮಾ? ನನ್ನ ವಯಸ್ಸು ಕಡಿಮಿ ಮಾಡು."

"ಎಷ್ಟು ಮಾಡ್ಲಿಬೇ?"

"ಮೂವತ್ತು ತಗಿ. ಕೈ ಬಿಗಿ ಹಿಡೀಬ್ಯಾಡ."

ತೆಗೆದೆ. ಕೂದಲು ಕಪ್ಪಾಯಿತು, ಮುಚ್ಚಿದ್ದ ಸೋಸುಕಗಳು ತೆರೆದವು. ಪಕ್ಕದ ಕುರ್ಚಿಯಲ್ಲಿ ಹತ್ತು ವರ್ಷದ ಸಿದ್ಧಾರೂಢ ಚಡ್ಡಿ ಹಾಕಿಕೊಂಡು ಕಾಲು ಆಡಿಸುತ್ತ ಕೂತಿದ್ದ. ಅವನಿಗೆ ಯಾರ ಕಿಡ್ನಿಯೂ ಬೇಕಿರಲಿಲ್ಲ.

"ಇಲ್ಲೇ ನಿಲ್ಲಿಸೂಣೇನಬೇ?" ಅಂದೆ. (ಇಷ್ಟು ಅಗ್ಗದ ಸುಖಾಂತ್ಯ ನನ್ನ ಜನ್ಮದಲ್ಲಿ ಸಿಕ್ಕಿರಲಿಲ್ಲ.)

ಅವಳು ಹುಡುಗನ ತಲೆ ನೇವರಿಸಿದಳು.

"ಇವಗ ಮುಂದ ಬ್ಯಾನಿ ಬರೂದ ಏನು?"

"ಬರೂದ."

"ಅವಾಗ ನನಗೆಷ್ಟಾಗಿರತಾವ?"

"ಎಪ್ಪತ್ತೊಂದು."

"ಹಂಗಾರ ಏನ್ ಉಪಕಾರ ಮಾಡಿದಿ? ಸೊಸಿ ಮಹಾನಂದಾನೂ ಎಲ್ಲೋ ಕಳದ್ಲು. ವಾಪಸ್ ಹಾಕು."

ಹಾಕಿದೆ. ಮೂವತ್ತು ವರ್ಷ ಒಮ್ಮೆಲೇ ಮೈಮೇಲೆ ಬಿದ್ದಾಗ ಮೊಣಕಾಲು ಹಿಡಿದುಕೊಂಡು ನನ್ನನ್ನು ಬೈದಳು. ಬೈಗುಳ ಇಲ್ಲಿ ಬರೆಯುವುದಿಲ್ಲ.

೪

ಈಗ ಅಂತ್ಯ.

ಅ) ಮೃತ ದಾನಿಯೊಬ್ಬರ ಕಿಡ್ನಿ ಸಿಕ್ಕಿದೆ ಎಂದು ಸಿದ್ಧಾರೂಢನಿಗೆ ಫೋನು ಬರುತ್ತದೆ.

ಆ) ಬರುವುದಿಲ್ಲ.

"ಎರಡೂ ಬರೀಬ್ಯಾಡ," ಅಂದಳು ಶಿವಗಂಗವ್ವ. "ಇನ್ನಾ ಆಗದ್ದು ಬರದು ದೃಷ್ಟಿ ಹಾಕಬ್ಯಾಡ."

ಹಾಗಾದರೆ ನನಗೆ ಉಳಿದದ್ದು ಹುಬ್ಬಳ್ಳಿಯ ಬಸ್ ಸ್ಟ್ಯಾಂಡು, ಬಿಸಿಲು, ಒಂದು ಬಾಟಲಿ ನೀರು. ಈ ವಯಸ್ಸಿನಲ್ಲಿ ನೀರು ಕುಡಿಯದೆ ಮೈ ಒಣಗಿಸಬೇಡಿ, ಕಂಡ ಕಂಡ ನೋವಿನ ಗುಳಿಗೆ ನುಂಗಬೇಡಿ ಎಂದು ಡಾಕ್ಟರ್ ಅವಳಿಗೆ ಹೇಳಿದ್ದರು. ಡಯಾಲಿಸಿಸ್ಸಿನಲ್ಲಿರುವ ಮಗನಿಗೆ ನೀರು ಅಳತೆಯ ಮೇಲೆ, ಇವತ್ತಿನ ಪಾಲು ಮುಗಿದಿತ್ತು. ಅವಳ ತುಟಿ ಒಣಗಿತ್ತು. ಅವನೆದುರು ಹೇಗೆ ಕುಡಿಯುವುದೆಂದು ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದಳು.

ಸಿದ್ಧಾರೂಢ ಅದನ್ನು ಕಸಿದು ಮುಚ್ಚಳ ತೆಗೆದು ಅವಳ ಕೈಗಿಟ್ಟ.

"ಕುಡಿ ಯವ್ವಾ."

"ನೀ ಆ ಕಡೆ ನೋಡು."

"ಆ ಕಡೆ ನೋಡೂದಿಲ್ಲ. ನೀ ಎಷ್ಟ ಕುಡೀತಿ ನೋಡತೇನಿ."

ಅವಳು ಬಾಟಲಿ ಎತ್ತಿದ್ದಾಳೆ. ಅವನು ಗಂಟಲನ್ನೇ ನೋಡುತ್ತಿದ್ದಾನೆ. ಕುಂದಗೋಳದ ಬಸ್ಸು ಬಂದಿದೆ, ಕಂಡಕ್ಟರ್ ಕೂಗುತ್ತಿದ್ದಾನೆ, ನಾನು ಪೂರ್ಣವಿರಾಮ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೇನೆ, ಅವಳು ಇನ್ನೂ ಕುಡಿಯುತ್ತಿದ್ದಾಳೆ