ಪೆರು ದೇಶದ ಕಂಬಳಿ

ಮೈಲಾರಮ್ಮ ದಬ್ಬಣ ಎಳೆದು, ಹೊಲಿಗೆ ಅರ್ಧಕ್ಕೆ ಬರುತ್ತಲೇ ನೂಲು ಕಡಿದಳು. ಎರಡು ಪಟ್ಟಿ ನೇಯ್ದು ನಡುವೆ ಕೂಡಿಸಿ ಹೊಲಿದರೆ ಒಂದು ಕಂಬಳಿ. ಅವಳು ನಡುವೆ ಗೇಣಿಗಿಂತ ತುಸು ಹೆಚ್ಚು ಜಾಗ ಬಿಟ್ಟು, ಅದರಾಚೆಯಿಂದ ಮತ್ತೆ ಹೊಲಿಯತೊಡಗಿದಳು. ಎದುರಿಗೆ ಗಂಡ ಪಾಲಯ್ಯನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ಭಂಡಾರದ ಅರಿಶಿನ ಹಚ್ಚಿದ್ದರು.

“ಯವ್ವಾ, ನಡುವ ಬಿಟ್ಟೀಯಲ್ಲ,” ಎಂದ ಪಾಲಯ್ಯನ ಅಣ್ಣ ದೊಡ್ಡಮಲ್ಲಪ್ಪ.

“ಬೇಕಂತಲೇ ಬಿಟ್ಟೀನ್ರಿ ಭಾವಾ.”

“ಬಾಯಿ ತೆರೆದ ಕಂಬಳಿ ಹೊದಿಸಿ ಮಣ್ಣು ಮಾಡಬಾರದು. ಮನಿಗೆ ಕೇಡು. ಹೊಲದುಬಿಡು.”

ಭಾವನ ಮುಂದೆ ಅವಳು ಯಾವತ್ತೂ ಎದುರು ಮಾತಾಡಿದವಳಲ್ಲ. ಈಗ ದಬ್ಬಣ ಕೆಳಗಿಟ್ಟಳು. “ಹೊಲಿಯಂಗಿಲ್ರಿ. ಇದನ್ನ ಅವರ ತಲಿ ಮ್ಯಾಲಿಂದ ಹಾಕಬೇಕು.”

“ಪೆರು ದೇಶದ ಕಂಬಳಿ ಏನಬೇ?” ಎಂದು ಪಕ್ಕದ ಮನೆಯ ರಂಗಕ್ಕ ಮೂಗೊರೆಸಿಕೊಳ್ಳುತ್ತಲೇ ನಕ್ಕಳು. ಗುಮ್ಮಘಟ್ಟದಲ್ಲಿ ಆ ಕತೆ ಗೊತ್ತಿಲ್ಲದವರು ಯಾರು?

*

ಹಿಂದೆ ರಾಯದುರ್ಗದ ಸಂತೆಗೆ ಮದರಾಸಿನ ಏಜೆಂಟನೊಬ್ಬ ಬಂದಿದ್ದ. ಸಮುದ್ರದಾಚೆ ಪೆರು ಎಂಬ ದೇಶ, ಅಲ್ಲಿ ಮೋಡ ಮುಟ್ಟುವ ಬೆಟ್ಟಗಳ ಮೇಲೆ ತಾಮ್ರದ ಗಣಿ, ಮೈ ಕೊರೆಯುವ ಚಳಿ. ಗಣಿಯ ಅಂಗಡಿಗೆ ಕಂಬಳಿ ಬೇಕು, ಆದರೆ ನಡುವೆ ತಲೆ ತೂರುವಷ್ಟು ಬಾಯಿ ಇರಬೇಕು ಎಂದ. ಉಳಿದ ನೇಕಾರರು ಬಿದ್ದು ಬಿದ್ದು ನಕ್ಕರು. ಪಾಲಯ್ಯ ಮಾತ್ರ ಏಜೆಂಟನ ಮಾದರಿಯನ್ನು ಕೊರಳಿಗೆ ಹಾಕಿಕೊಂಡು ಸಂತೆಯೆಲ್ಲ ಸುತ್ತಿ ಬಂದ. “ಗುದ್ದಲಿ ಹಿಡಿಯೋನಿಗೆ ಕೈ ಖಾಲಿ ಇರಬೇಕ್ರೋ. ಕೊಳ್ಳೋನ ಮೈಗೆ ಒಪ್ಪಬೇಕು, ನಮ್ಮ ಕಣ್ಣಿಗಲ್ಲ,” ಎಂದ.

ಆ ಚಳಿಗಾಲವೆಲ್ಲ ಮನೆ ತುಂಬ ಉಣ್ಣೆ, ಅವನ ಬಾಯಿ ತುಂಬ ಪೆರು. “ಅಲ್ಲಿ ಕುರಿ ಕೊರಳು ಒಂಟಿ ಕೊರಳಿನಂಗ ಉದ್ದ ಅಂತಲೇ! ನಮಗ ಹಗಲಾದ್ರ ಅವರಿಗೆ ರಾತ್ರಿ ಅಂತ!” ಎನ್ನುತ್ತಿದ್ದ. “ಹಂಗಾದ್ರ ನಾವು ಉಣ್ಣೋವಾಗ ಅವರು ಗೊರಕಿ ಹೊಡೀತಾರೇನು?” ಎಂದು ಅವಳು ಕೇಳಿದರೆ ಮಗ್ಗ ನಿಲ್ಲಿಸಿ ನಗುತ್ತಿದ್ದ. ಅಷ್ಟು ಸುಖದ ದಿನಗಳು ಮತ್ತೆ ಬರಲಿಲ್ಲ.

ಕಂಬಳಿ ಸಾಗಿಸಲು ಅವನು ಗಾಡಿ ತರಲು ಹೋದ ದಿನ ಮೈಲಾರಮ್ಮನ ಕಣ್ಣು ಮಡಚಿಟ್ಟ ಕಂಬಳಿಗಳ ಮೇಲೆ ಬಿತ್ತು. ಅರ್ಧ ಹೊಲಿದ ಕಂಬಳಿ ಹೊಸಿಲು ದಾಟಿದರೆ ಕೇಡು ಎಂದು ಅವಳ ತಾಯಿ ಹೇಳಿದ್ದಳು. ಅದೂ ಅಲ್ಲದೆ, ಆ ಬಾಯೊಳಗಿಂದ ಗಾಳಿ ನುಗ್ಗಿ ಯಾರ ಮಗನೋ ನಡುಗಿದರೆ? ನೆರೆಯ ಹೆಂಗಸರನ್ನು ಕೂಗಿ, ಅಷ್ಟೂ ಕಂಬಳಿಗಳ ಬಾಯಿ ಹೊಲಿಸಿ, ಮೂಟೆ ಕಟ್ಟಿಸಿದಳು. ಪುಣ್ಯದ ಕೆಲಸ ಮಾಡಿದೆನೆಂದು ಅಂದು ಹೊಟ್ಟೆ ತುಂಬ ಉಂಡಳು.

ಮುಂದಿನ ಮಳೆಗಾಲಕ್ಕೆ ಏಜೆಂಟನಿಂದ ಸುದ್ದಿ ಬಂತು. ಹೊಲಿಗೆ ಯಾವುದು, ನೇಯ್ಗೆ ಯಾವುದು ತಿಳಿಯದೆ, ತಲೆ ತೂರಿಸಲೆಂದು ಗಣಿಯವರು ಚಾಕು ಹಾಕಿದರಂತೆ. ಎಳೆ ಬಿಚ್ಚಿ ಕಂಬಳಿಗಳೆಲ್ಲ ಚಿಂದಿಯಾದವಂತೆ. ಆ ದೇಶದ ವ್ಯಾಪಾರ ಅಲ್ಲಿಗೆ ಮುಗಿಯಿತು. ಗೋಡೆಗೆ ಮುಖ ಮಾಡಿ ಅಳುತ್ತಿದ್ದವಳ ಪಕ್ಕ ಪಾಲಯ್ಯ ಬಂದು ಕೂತ.

“ಅಳಬ್ಯಾಡಲೇ ಮೈಲಾರಿ. ಪೆರು ದೇಶದಾಗೂ ನಿನ್ನ ಹೊಲಿಗಿ ಬಿಚ್ಚೋ ಮಗ ಹುಟ್ಟಿಲ್ಲ ಬಿಡು,” ಎಂದ.

ಆಮೇಲೆ ಮನೆಗೆಂದು ಕಂಬಳಿ ನೇಯ್ದಾಗಲೆಲ್ಲ, “ಒಂದಕ್ಕಾದ್ರೂ ನಡುವ ಬಿಟ್ಟು ಹೊಲಿಯೇ, ನಾನಾದ್ರೂ ಹಾಕ್ಕಂತೀನಿ,” ಎಂದು ಕೇಳುತ್ತಿದ್ದ. “ಥೂ, ಅಪಶಕುನ!” ಎಂದು ಅವಳು ಹೊಲಿದೇಬಿಡುತ್ತಿದ್ದಳು.

*

“ಅವತ್ತು ನಾನೂ ನಿಮ್ಮಂಗ ಕೇಡು ಅಂದಿದ್ದೆ ಭಾವಾ,” ಎಂದಳು ಮೈಲಾರಮ್ಮ. “ಬದುಕಿರೋತನಕ ಕೇಳಿದ್ರು, ಕೊಡಲಿಲ್ಲ. ಇವತ್ತೂ ಹೊಲದ್ರ ಈ ಕೈ ನನಗ ಬ್ಯಾಡಾಗ್ತಾವ.”

“ಮನಿಗೆ ಕೇಡು ಬಂದ್ರ?”

“ಬರ್ಲಿ ಬಿಡ್ರಿ. ಬರೋದು ಇನ್ನೇನೈತಿ?”

ದೊಡ್ಡಮಲ್ಲಪ್ಪ ತಮ್ಮನ ಮುಖ ನೋಡಿದ. “ಗಂಡನಂಗೇ ಹೆಂಡ್ತಿ,” ಎಂದು ಗೊಣಗುತ್ತ ಮೊಣಕಾಲೂರಿ, ತಮ್ಮನ ಭುಜ ಹಿಡಿದು ಗೋಡೆಯಿಂದ ಈಚೆಗೆ ಎತ್ತಿದ.

ಕಂಬಳಿಯ ಬಾಯಿ ತುಸು ಬಿಗಿಯಾಗಿತ್ತು. ಕಿವಿ ಮಡಚಿಕೊಳ್ಳದ ಹಾಗೆ ಬೆರಳಿನಿಂದ ಬಿಡಿಸುತ್ತ ಅವಳು ನಿಧಾನಕ್ಕೆ ಇಳಿಸಿದಳು. ಪಾಲಯ್ಯನ ಮುಖ ಹೊರಗೆ ಬಂತು. ನರೆತ ಕೂದಲೆಲ್ಲ ಕೆದರಿ ನಿಂತಿತ್ತು. ಮೈಲಾರಮ್ಮ ಅದನ್ನು ಅಂಗೈಯಿಂದ ಒಂದು ಸಲ ಸವರಿದಳು, ಕೂರಲಿಲ್ಲ. ಅಂಗೈ ಒದ್ದೆ ಮಾಡಿಕೊಂಡು ಮತ್ತೆ ಸವರಿದಳು.