ಖಾಲಿ ಬಿಟ್ಟ ವಿಳಾಸ

ಆಫೀಸಿನಲ್ಲಿ ಅವಳಿಗೆ ಇಟ್ಟ ಹೆಸರು ಅಡ್ರೆಸ್ ಅಮ್ಮ. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಬೆನ್ನ ಹಿಂದೆ ಮಾತ್ರ. ಆದರೆ ಬೆನ್ನ ಹಿಂದಿನ ಮಾತು ಕಿವಿಗೆ ಬೀಳದಿರಲು ಆ ಆಫೀಸೇನು ಅರಮನೆಯೇ? ಅವಧಿಗೆ ಮೊದಲೇ ಹುಟ್ಟಿದ ಮಕ್ಕಳನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆಗಳನ್ನು ತಯಾರಿಸುವ ಕಂಪನಿ ಅದು. ಪೆಟ್ಟಿಗೆಯ ಹೊಟ್ಟೆಯಲ್ಲಿ ಒಂದು ಪುಟ್ಟ ಕಂಪ್ಯೂಟರ್, ಅದರ ಚಿಪ್‌ಗಳನ್ನು ಮಾತಾಡಿಸುವ ಡ್ರೈವರ್ ಎಂಬ ಪ್ರೋಗ್ರಾಂ ಬರೆಯುವುದು ಅವಳ ಕೆಲಸ. ಪಕ್ಕದ ಮೇಜಿನಲ್ಲಿ ಅದೇ ಕೆಲಸ ಮಾಡುವವನು ಅವಳ ಗಂಡ. ಹೀಟರಿನ ಚಿಪ್ ಅವಳದು, ದೀಪದ ಚಿಪ್ ಅವನದು. ಮನೆಯಲ್ಲೂ ಹಾಗೇ ಅಂತೆ, ಬಿಸಿ ಅವಳದು ಬೆಳಕು ಅವನದು ಎಂದು ಕ್ಯಾಂಟೀನಿನಲ್ಲಿ ನಗುವವರು ನಗುತ್ತಿದ್ದರು.

ಈ ಚಿಪ್‌ಗಳೆಲ್ಲ ಎರಡೇ ಎರಡು ತಂತಿಗೆ ಜೋತುಬಿದ್ದಿರುತ್ತವೆ. ಆ ತಂತಿಜೋಡಿಗೆ ಬಸ್ ಎಂದು ಹೆಸರು. ಒಂದೊಂದು ಚಿಪ್‌ಗೂ ಒಂದೊಂದು ವಿಳಾಸ, ಅಂದರೆ ಬರೀ ಒಂದು ಸಂಖ್ಯೆ. ಆ ಸಂಖ್ಯೆಯನ್ನು ಕೂಗಿದರೆ ಆ ಚಿಪ್ ಮಾತ್ರ ಓಗೊಡಬೇಕು. ಆದರೆ ಒಂದು ವಿಳಾಸದಲ್ಲಿ ತೃಪ್ತಿಪಡದ ಚಿಪ್‌ಗಳೂ ಇವೆ. ಅವಳ ಹೀಟರ್ ಚಿಪ್ ಆ ಜಾತಿಯದು. ದಿನದ ಕೆಲಸಕ್ಕೆ ಒಂದು ವಿಳಾಸ. ತಯಾರಿಸುವಾಗ ಪೆಟ್ಟಿಗೆಯೊಳಗಿನ ಉಷ್ಣಮಾಪಕದ ತಪ್ಪನ್ನು ತಿದ್ದಿ ಸರಿಮಾಡಲು ಇನ್ನೊಂದು. ಆ ಎರಡನೆಯದನ್ನು ಅವಳ ಡ್ರೈವರ್ ಒಮ್ಮೆಯೂ ಮಾತಾಡಿಸುತ್ತಿರಲಿಲ್ಲ. ಆದರೂ ಇದೂ ನನ್ನದೇ, ಯಾರಿಗೂ ಕೊಡಬೇಡ ಎಂದು ಕಂಪ್ಯೂಟರಿನ ಮೇಲ್ವಿಚಾರಕನಾದ ಕರ್ನೆಲ್‌ಗೆ ಹೇಳಿ ಕಾದಿರಿಸಿ ಇಡುತ್ತಿದ್ದಳು. ಅದಕ್ಕೆ ಒಂದೇ ಒಂದು ಸಾಲು ಸಾಕು.

"ಕೂರೋದಿಲ್ಲ, ಆದ್ರೂ ಸೀಟಿಗೆ ಟವೆಲ್ ಹಾಕಿಟ್ಟಿದಾರೆ ನೋಡಿ," ಎಂದು ಹುಡುಗರು ಹಲ್ಲು ಕಿರಿಯುತ್ತಿದ್ದರು. ಅಡ್ರೆಸ್ ಅಮ್ಮ ಎಂಬ ಬಿರುದು ಬಂದದ್ದು ಹೀಗೆ.

ಚಿಪ್‌ಗಳು ಕೂರುವ ಬೋರ್ಡನ್ನು ವಿನ್ಯಾಸ ಮಾಡಿದ ಮಹಾನುಭಾವ ಹೊಸ ಮಾದರಿಯ ಪೆಟ್ಟಿಗೆಗೆ ಒಂದು ದೀಪದ ಚಿಪ್ ಕೂರಿಸಿದ. ಮಗುವಿನ ಕಣ್ಣಿಗೆ ಚುಚ್ಚದ ಹಾಗೆ ಬೆಳಕನ್ನು ತಗ್ಗಿಸಬಹುದಾದ ದೀಪ. ಒಳ್ಳೆಯದೇ. ಆದರೆ ಅದಕ್ಕೆ ಅವನು ಕೊಟ್ಟ ವಿಳಾಸ, ಹೀಟರಿನ ಆ ಎರಡನೆಯ ವಿಳಾಸವೇ. ಗಂಡ ತನ್ನ ಡ್ರೈವರನ್ನು ಏರಿಸಿದ ಕೂಡಲೇ ಕರ್ನೆಲ್ ಆ ವಿಳಾಸಕ್ಕೆ ಆಗಲೇ ಯಜಮಾನರಿದ್ದಾರೆ ಎಂದು ಮುಖಕ್ಕೆ ಹೊಡೆದಂತೆ ಹೇಳಿ ಬಾಗಿಲು ಹಾಕಿತು.

ಅವತ್ತು ಮನೆಯಲ್ಲಿ ಪಾತ್ರೆ ತೊಳೆಯುತ್ತಾ ಅವನು ಮಾತು ತೆಗೆದ.

"ನೀನು ಆ ವಿಳಾಸಕ್ಕೆ ಹೋಗೋದೇ ಇಲ್ವಲ್ಲ, ಸುಮ್ನೆ ಯಾಕೆ ಹಿಡ್ಕೊಂಡು ಕೂತಿದೀಯ? ಆ ಒಂದು ಸಾಲು ತೆಗೆದುಬಿಡು, ನನ್ನ ಲೈಟು ಹತ್ಕೊಳ್ಳುತ್ತೆ."

"ನಾನು ಹೋಗ್ದಿದ್ರೇನ್ರೀ, ನನ್ನ ಚಿಪ್ ಅಲ್ಲಿ ಕಿವಿ ತೆರ್ಕೊಂಡು ಕೂತಿರುತ್ತಲ್ಲ!"

"ಅದಕ್ಕೆ ಬೀಗ ಇದೆಯಂತೆ. ಪೆಟ್ಟಿಗೆ ಹೊರಗೆ ಹೋದ್ಮೇಲೆ ಆ ಕಡೆ ಏನು ಕೂಗಿದ್ರೂ ಕೇಳಿಸ್ಕೊಳ್ಳಲ್ವಂತೆ. ಬೋರ್ಡಿನವ್ನೇ ಹೇಳ್ದ. ನಿನ್ನಿಂದ ಇಡೀ ಟೀಮು ಕೈ ಕಟ್ಕೊಂಡು ಕೂತಿದೆ ಮಾರಾಯ್ತಿ."

ಬೀಗ ಇದೆಯಂತೆ! ಈ 'ಅಂತೆ'ಯನ್ನು ನಂಬಿ ಹಾಳಾದವರ ಲೆಕ್ಕ ಯಾರಿಟ್ಟಿದ್ದಾರೆ? ಬೀಗವೇನೋ ಇತ್ತು, ಹಾಕುವ ಕೆಲಸ ಯಾರದೆಂದು ಯಾರಿಗೂ ಗೊತ್ತಿರಲಿಲ್ಲ. ಅವಳಿಗೂ ಆ ಬಿರುದು ಸಾಕಾಗಿಹೋಗಿತ್ತು. ಸಾಲು ತೆಗೆದಳು. ದೀಪ ಹತ್ತಿತು. ಪರೀಕ್ಷೆಗಳೆಲ್ಲ ಪೂರ್ತಿ ಬೆಳಕಿನಲ್ಲೇ ನಡೆದು ಎಲ್ಲವೂ ಪಾಸಾದವು.

ಹೊಸ ಪೆಟ್ಟಿಗೆಗಳು ಆಸ್ಪತ್ರೆಗಳಿಗೆ ಹೋದವು, ಹೊಗಳಿಕೆ ತಿರುಗಿ ಬಂತು. ಬೆಳಕು ತಗ್ಗಿಸಿದರೆ ಸಾಕು, ಮಕ್ಕಳು ಅಳುವುದನ್ನೇ ನಿಲ್ಲಿಸಿ ಸುಮ್ಮನೆ ಮಲಗುತ್ತವೆ ಎಂದು ಮೂರು ಆಸ್ಪತ್ರೆಯವರು ತಿಳಿಸಿದರು. ಮ್ಯಾನೇಜರ್ ಅದನ್ನು ಎಲ್ಲರೆದುರು ಓದಿ ಹೇಳಿ ಗಂಡನ ಬೆನ್ನು ತಟ್ಟಿದರು. ಅವನು ಹಿಗ್ಗಿ ಹೀರೇಕಾಯಿಯಾದ.

ಅದೇ ವಾರ ಅವಳ ನಾದಿನಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ನಾದಿನಿಯೆಂದರೆ ಗಂಡನ ಒಬ್ಬಳೇ ತಂಗಿ, ಮನೆಯವರಿಗೆಲ್ಲ ಪುಟ್ಟಿ. ಬಹಳ ವರ್ಷ ಕಾದು ಹುಟ್ಟಿದ ಮಗು, ಅಂಗೈಯಲ್ಲಿ ಹಿಡಿಯುವಷ್ಟಿತ್ತು. ಅದನ್ನು ಇಟ್ಟದ್ದು ಇವರದೇ ಪೆಟ್ಟಿಗೆಯಲ್ಲಿ.

"ಏನೂ ಹೆದರ್ಕೋಬೇಡ ಪುಟ್ಟಿ, ನಿನ್ನ ಮಗು ನಮ್ಮನೆಯವರ ಕೈಯಲ್ಲೇ ಇದೆ ಅನ್ಕೋ," ಎಂದು ಗಂಡ ತಂಗಿಗೆ ಧೈರ್ಯ ಹೇಳಿದ. ಪಕ್ಕದಲ್ಲಿ ನಿಂತಿದ್ದ ಹೆಂಡತಿಗೂ ಅದು ಹೆಮ್ಮೆಯೇ ಅನಿಸಿತು.

ಮರುದಿನ ಮಧ್ಯಾಹ್ನ ಅವಳು ಪ್ರಯೋಗದ ಕೋಣೆಯಲ್ಲಿ ಹೊಸ ಫ್ಯಾನೊಂದನ್ನು ಪರೀಕ್ಷಿಸುತ್ತಿದ್ದಳು. ಗಾಳಿ ಸರಿಯಾಗಿ ಹರಡುತ್ತದೋ ಇಲ್ಲವೋ ನೋಡಲು ಪೆಟ್ಟಿಗೆಯೊಳಗೆ ಒಂದು ಸಾದಾ ಥರ್ಮಾಮೀಟರ್ ಮಲಗಿಸಿದ್ದಳು. ದೀಪ ಕಣ್ಣಿಗೆ ಹೊಡೆಯುತ್ತಿತ್ತು. ಕೈ ಚಾಚಿ ಬೆಳಕನ್ನು ತಗ್ಗಿಸಿ ಚಹಾ ತರಲು ಹೋದಳು.

ತಿರುಗಿ ಬಂದಾಗ ಪರದೆಯ ಮೇಲಿನ ಉಷ್ಣತೆಯ ಅಂಕಿ ಇದ್ದಲ್ಲೇ ಇತ್ತು, ತಿಳಿಹಸಿರು ಬಣ್ಣದಲ್ಲಿ, ಎಲ್ಲ ಕ್ಷೇಮ ಎಂದು. ಒಳಗಿನ ಥರ್ಮಾಮೀಟರ್ ಮಾತ್ರ ಏರಿತ್ತು, ಇನ್ನೂ ಏರುತ್ತಲೇ ಇತ್ತು. ಥರ್ಮಾಮೀಟರ್ ಕೆಟ್ಟಿರಬೇಕು ಎಂದು ಇನ್ನೊಂದನ್ನು ಇಟ್ಟಳು. ಅದೂ ಏರಿತು. ಬೆಳಕನ್ನು ಪೂರ್ತಿ ಮಾಡಿ ಕಾದಳು, ನಿಧಾನವಾಗಿ ಇಳಿಯಿತು. ಮತ್ತೆ ತಗ್ಗಿಸಿದಳು. ಏರಿತು.

ಕೈಯ ಚಹಾ ಮೇಜಿನ ಮೇಲೆ ಚೆಲ್ಲಿ ಕೀಬೋರ್ಡಿನೊಳಗೆ ಹರಿದದ್ದೂ ತಿಳಿಯಲಿಲ್ಲ. ದೀಪಕ್ಕೆ ಕಳಿಸಿದ ಅಂಕಿಯನ್ನು ಹೀಟರ್ ಚಿಪ್ ತನಗೇ ಬಂದ ತಿದ್ದುಪಡಿ ಎಂದು ತೆಗೆದುಕೊಳ್ಳುತ್ತಿತ್ತು; ಪುಟ್ಟಾ ಎಂದು ಕೂಗಿದರೆ ಮನೆಯ ಇಬ್ಬರು ಪುಟ್ಟರೂ ಓಡಿಬರುವ ಹಾಗೆ. ಪೂರ್ತಿ ಬೆಳಕಿಗೆ ಕಳಿಸುವ ಅಂಕಿ ಸೊನ್ನೆ, ಅದರಿಂದ ಏನೂ ಕೆಡುತ್ತಿರಲಿಲ್ಲ. ತಗ್ಗಿಸಿದಷ್ಟೂ ಪೆಟ್ಟಿಗೆಯ ಉಷ್ಣಮಾಪಕ ಇರುವುದಕ್ಕಿಂತ ಕಡಿಮೆ ಹೇಳುತ್ತಿತ್ತು, ಹೀಟರ್ ಅದನ್ನು ನಂಬಿ ಇನ್ನಷ್ಟು ಉರಿಯುತ್ತಿತ್ತು. ಎಚ್ಚರಿಕೆಯ ಗಂಟೆಯೂ ಅದೇ ಸುಳ್ಳನ್ನೇ ನಂಬಿಕೊಂಡು ತೆಪ್ಪಗಿತ್ತು.

ಕೂಡಲೇ ನಾದಿನಿಗೆ ಫೋನ್ ಮಾಡಿದಳು.

"ಅತ್ತಿಗೆ! ನಾನೇ ಮಾಡೋಣ ಅಂತಿದ್ದೆ," ಪುಟ್ಟಿಯ ದನಿಯಲ್ಲಿ ನಗುವಿತ್ತು. "ಮಗು ಎಷ್ಟು ಚೆನ್ನಾಗಿ ಮಲಗಿದೆ ಗೊತ್ತಾ? ಬೆಳಿಗ್ಗೆ ಅಣ್ಣ ಬಂದಿದ್ದ. ಇದು ನಾನು ಮಾಡಿರೋ ಲೈಟು ನೋಡು ಅಂತ ಜಂಬ ಕೊಚ್ಕೊಂಡು ಪೂರ್ತಿ ತಗ್ಗಿಸಿ ಹೋದ. ಆಗ್ಲಿಂದ ಅಳೋದೇ ಇಲ್ಲ. ಕೆನ್ನೆ ನೋಡ್ಬೇಕು ನೀವು, ಕೆಂಪು ಕೆಂಪಾಗಿ—"

"ಪುಟ್ಟಿ, ಮಗೂನ ಹೊರಗೆ ತೆಗೆಸು!"

"ಏನು?"

"ನರ್ಸನ್ನ ಕೂಗು. ಸ್ಕ್ರೀನ್ ನೋಡ್ಬೇಡಿ, ಅದು ಸುಳ್ಳು ಹೇಳ್ತಿದೆ. ಬೇರೆ ಥರ್ಮಾಮೀಟರ್ ಇಡಕ್ಕೆ ಹೇಳು. ಓಡು, ನಿನ್ನ ದಮ್ಮಯ್ಯ ಅಂತೀನಿ, ಓಡು!"

ಫೋನ್ ಎಲ್ಲೋ ಬಿದ್ದ ಸದ್ದು. ಕಾಲುಗಳ ಸದ್ದು. ಬಾಗಿಲು. ದೂರದಲ್ಲಿ ಒಬ್ಬ ಹೆಂಗಸು, "ಸ್ಕ್ರೀನಲ್ಲಿ ಸರಿಯಾಗೇ ಇದೆಯಲ್ಲಮ್ಮ," ಎಂದದ್ದು ಕೇಳಿಸಿತು. ಆಮೇಲೆ ಅದೇ ಹೆಂಗಸು "ಅಯ್ಯೋ ದೇವ್ರೇ!" ಎಂದಳು. ಆಮೇಲೆ ಏನೂ ಕೇಳಿಸಲಿಲ್ಲ.

ಗಂಡನನ್ನು ಮೀಟಿಂಗಿನಿಂದ ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ಕಾರಿನಲ್ಲಿ ವಿಷಯ ಹೇಳಿದಳು. ಅವನು ತನ್ನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತಾ ಕುಳಿತ. ಬೆಳಿಗ್ಗೆ ದೀಪದ ಗುಂಡಿಯನ್ನು ತಿರುಗಿಸಿದ ಕೈ ಅದು. ಅವಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಸಾಲು ತೆಗೆದದ್ದು ತನ್ನದೇ ಕೈ.

ವಾರ್ಡಿನ ಬಾಗಿಲು ದಾಟುವ ಮೊದಲೇ ಅಳು ಕೇಳಿಸಿತು. ಸಣ್ಣ, ಕೀರಲು, ಸಿಟ್ಟಿನ ಅಳು. ಪುಟ್ಟಿ ಮಗುವನ್ನು ಎದೆಗೆ ಅವಚಿಕೊಂಡಿದ್ದಳು, ಪಕ್ಕದಲ್ಲಿ ಡಾಕ್ಟರ್ ನಿಂತಿದ್ದರು.

"ಇನ್ನು ಸ್ವಲ್ಪ ಹೊತ್ತು ಆಗಿದ್ರೆ ನನ್ನ ಕೈಲಿ ಏನೂ ಇರ್ತಿರ್ಲಿಲ್ಲ," ಎಂದರು ಡಾಕ್ಟರ್. "ಬಿಸಿಗೆ ಸೋತು ಸುಮ್ಮನಾಗಿತ್ತು ಮಗು. ನಿದ್ದೆ ಅಲ್ಲ ಅದು. ಈಗ ಅಳ್ತಿದೆಯಲ್ಲ, ಅಳ್ಲಿ ಬಿಡಿ."

ಅವಳು ಗೋಡೆಗೆ ಒರಗಿ ನಿಂತುಬಿಟ್ಟಳು. ಬದುಕಿದೆ, ಬದುಕಿದೆ ಎಂಬ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಆಗ ಗಂಡ ಅವಳ ತೋಳು ಹಿಡಿದ.

"ಲೇ, ಆ ಮೂರು ಆಸ್ಪತ್ರೆಯವರು," ಎಂದ. "ಮಕ್ಕಳು ಅಳೋದೇ ನಿಲ್ಲಿಸಿದಾವೆ ಅಂತ ಹೊಗಳಿದ್ರಲ್ಲ..."

ಅವನು ಆಗಲೇ ಮೊದಲ ಆಸ್ಪತ್ರೆಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ್ದ. ಹಿರಿಯ ನರ್ಸ್ ಒಬ್ಬರು ಎತ್ತಿಕೊಂಡರು. ಇವನು ತಾನು ಯಾರೆಂದು ಹೇಳುವಷ್ಟರಲ್ಲಿ ಆಕೆಯೇ ಸಂಭ್ರಮದಿಂದ ಶುರುಮಾಡಿದರು.

"ಓ, ಲೈಟ್ ಮಾಡಿದವರಾ ಸಾರ್! ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲ್ದು. ಇವತ್ತಂತೂ ವಾರ್ಡೆಲ್ಲ ಎಷ್ಟು ಶಾಂತ ಅಂತೀರಿ. ಒಂದು ಮಗೂನೂ ಅಳ್ತಿಲ್ಲ."

ಅವಳು ಫೋನ್ ಕಿತ್ತುಕೊಂಡಳು.