ದೇವೇಂದ್ರಪ್ಪನ ಸಿಹಿನೀರಿನ ಬಾವಿ

ನಾನು ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿದವನು. ಹೆಸರು ಮಾರ್ತಾಂಡ, ಊರವರ ಬಾಯಲ್ಲಿ ಮಾಸ್ತರ. ನಿವೃತ್ತನಾದ ಮೇಲೆ ಪೇಪರ್ ಓದಿಕೊಂಡು ತೆಪ್ಪಗೆ ಇದ್ದಿದ್ದರೆ ಕಪ್ಪತಗುಡ್ಡದ ಬುಡದಲ್ಲಿ, ಡೋಣಿ ಊರಿನ ಈಚೆಗಿರುವ ನಮ್ಮೂರಿಗೆ ಈ ಕೇಡು ಬರುತ್ತಿರಲಿಲ್ಲ. ಇದನ್ನು ವಿನಯಕ್ಕಾಗಿ ಹೇಳುತ್ತಿಲ್ಲ.

ನಮ್ಮೂರ ನೆಲದ ನೀರು ಸವಳು. ಬೋರು ಎಲ್ಲಿ ಕೊರೆದರೂ ಉಪ್ಪುಪ್ಪು, ಸೋಪು ಹಚ್ಚಿದರೆ ನೊರೆ ಬರುವುದಿಲ್ಲ. ದೇವೇಂದ್ರಪ್ಪನ ಹೊಲದ ಬಾವಿ ಒಂದೇ ಸಿಹಿ. ಕಪ್ಪತಗುಡ್ಡದ ಮಳೆನೀರು ಮಣ್ಣೊಳಗೆ ಇಳಿದು ಬಂದು ಅಲ್ಲಿ ನಿಲ್ಲುತ್ತಿತ್ತು. ಅವನ ಮುತ್ತಜ್ಜನ ಕಾಲದಿಂದ ಒಂದು ಕಟ್ಟಳೆ ಇತ್ತು: ಬೆಳಕು ಹರಿದಾಗಿನಿಂದ ದನ ಮೇಯಲು ಹೊರಡುವ ತನಕ ಬಾವಿ ಊರಿನ ಕೊಡಗಳದ್ದು, ಆಮೇಲೆ ಹೊಲದ್ದು. ಕರೆಂಟ್ ಇದ್ದರೂ ಕೊನೆಯ ಕೊಡ ತುಂಬುವವರೆಗೆ ಅವನು ಮೋಟರ್ ಮುಟ್ಟುತ್ತಿರಲಿಲ್ಲ. ಬಾವಿಯ ಸುತ್ತಲಿನ ಐದು ಹೊಲಗಳ ಬೋರುಗಳಲ್ಲಿ ಮಾತ್ರ, ಕುಡಿಯಲು ಬಾರದಿದ್ದರೂ, ಬೆಳೆಗಾಗುವಷ್ಟು ಒಳ್ಳೆಯ ನೀರಿತ್ತು.

ಹೊಲಕ್ಕೆ ತ್ರೀ ಫೇಸ್ ಕರೆಂಟ್ ದಿನಕ್ಕೆ ಆರೇಳು ತಾಸು ಬರುತ್ತಿತ್ತು, ಅದೂ ತನಗೆ ಮನಸ್ಸು ಬಂದಾಗ. ಗುಡ್ಡದ ಮೇಲೆ ಗಾಳಿಯಂತ್ರಗಳು ನಮ್ಮ ಕಣ್ಣೆದುರೇ ತಿರುಗುತ್ತಿದ್ದವು, ಅವು ಮಾಡಿದ ಕರೆಂಟ್ ತಂತಿ ಹಿಡಿದು ಎಲ್ಲಿಗೋ ಹೋಗುತ್ತಿತ್ತು. ನೋಡಿ ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಂಥ ಹೊತ್ತಿನಲ್ಲೇ ಗದಗದಲ್ಲಿ ಎರಡು ದಿನದ ಶಿಬಿರಕ್ಕೆ ಹೋದೆ. ಗೋಡೆಯ ಮೇಲೆ ಮೂರು ವರ್ತುಲ ಬರೆದಿದ್ದರು: ನೀರು, ವಿದ್ಯುತ್ತು, ಅನ್ನ. ಮೂರಕ್ಕೂ ಬೇರೆ ಬೇರೆ ಕಚೇರಿ ಮಾಡಿ ಕೂತಿದ್ದೇ ತಪ್ಪು, ಒಟ್ಟಿಗೆ ನೋಡಬೇಕು ಎಂದರು. ಮಾತು ಖರೆ ಇತ್ತು, ಈಗಲೂ ಖರೆಯೇ. ನಾನು ಆ ಚಿತ್ರದ ಹಾಳೆ ಮಡಚಿಕೊಂಡು ಬಸ್ಸು ಹತ್ತಿದೆ.

ಕರೆಂಟಿಗೆ ಕಾಯುವುದು ತಪ್ಪಲೆಂದು, ದೇವೇಂದ್ರಪ್ಪನದೂ ಸೇರಿ ಆರೂ ಹೊಲಕ್ಕೆ ಸೋಲಾರ್ ಪಂಪು ತರಿಸಲು ಎಂಟು ತಿಂಗಳು ಓಡಾಡಿದೆ. ಒಂದೊಂದು ಪಂಪು ದಿನಕ್ಕೆ ನಾಲ್ಕೇ ತಾಸು ಓಡಬೇಕು ಎಂದು ನಿಯಮವನ್ನೂ ಬರೆದೆ. ಗುಡಿಯ ಕಟ್ಟೆಯ ಮೇಲೆ ಸಭೆ ಸೇರಿದಾಗ ಎಲ್ಲರೂ ಕೈ ಎತ್ತಿದರು. ದೇವೇಂದ್ರಪ್ಪ ಎತ್ತಲಿಲ್ಲ.

"ಮಾಸ್ತರ, ಕರೆಂಟ್ ಹೋದಾಗ ನಾವಷ್ಟ ಬೈತೀವ್ರಿ, ಬಾವಿ ಬೈಯಂಗಿಲ್ಲ. ಅದು ಆವಾಗ ಕುಂತು ಊಟ ಮಾಡತೈತಿ."

ನಾನು ನಕ್ಕೆ. ನಾನು ನಕ್ಕಿದ್ದಕ್ಕೆ ಸಭೆಯೂ ನಕ್ಕಿತು. ಶಾಲೆಯಲ್ಲಿ ದಡ್ಡ ಹುಡುಗನಿಗೆ ಹೇಳುವ ದನಿಯಲ್ಲೇ ನಾನವನಿಗೆ ಲೆಕ್ಕ ಬಿಡಿಸಿ ಹೇಳಿದೆ. ಅವನ ಮಕ್ಕಳಿಬ್ಬರೂ ನನ್ನ ಕೈಯಲ್ಲಿ ಕಲಿತವರು, ನನ್ನ ಮಾತು ತೆಗೆದುಹಾಕುವುದು ಅವನಿಗೆ ಗೊತ್ತಿರಲಿಲ್ಲ. ನೀವು ಹೇಳಿದ ಮೇಲೆ ಆತು ಎಂದು ಸಹಿ ಹಾಕಿದ.

ಮೊದಲ ವರ್ಷ ಎಲ್ಲ ಚಂದ ನಡೆಯಿತು. ಮೆಣಸಿನಕಾಯಿ ಬಂತು, ಉಳ್ಳಾಗಡ್ಡಿ ಬಂತು. ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯ ರೈತರು ಟೆಂಪೊ ಮಾಡಿಕೊಂಡು ನೋಡಲು ಬಂದರು. ನನಗೆ ಶಾಲು ಹೊದಿಸಿದರು, ನಾನು ಮುಕ್ಕಾಲು ತಾಸು ಭಾಷಣ ಬಿಗಿದೆ. ಆ ಶಾಲನ್ನು ಈಗ ನೋಡಲೂ ನಾಚಿಕೆ.

ಎರಡನೆಯ ಬೇಸಿಗೆ, ಉಳ್ಳಾಗಡ್ಡಿಯ ಗಡ್ಡೆ ತುಂಬುವ ಹೊತ್ತಿಗೆ, ಬಿಸಿಲು ಏರಿತು. ಪಕ್ಕದ ಹೊಲದ ಅಂದಪ್ಪ ಬಂದು ಹದಿನೈದು ದಿನದ ಮಟ್ಟಿಗೆ ನಿಯಮ ಸಡಿಲಿಸಿ ಎಂದು ಕೇಳಿದ. ಬಿಸಿಲು ಪುಕ್ಕಟೆ ಬೀಳುತ್ತಿದೆ, ನಾಲ್ಕು ತಾಸಿಗೆ ಪಂಪು ನಿಲ್ಲಿಸಿ ಕೂತರೆ ಜನ ಹುಚ್ಚರು ಎನ್ನುತ್ತಾರೆ ಎಂದ. ಎಲೆ ಬಾಡುವುದನ್ನು ನಾನೂ ನೋಡಿದ್ದೆ. ಒಪ್ಪಿದೆ. ಹದಿನೈದು ದಿನ ನಲವತ್ತಾಯಿತು. ಐದೂ ಹೊಲಗಳಲ್ಲಿ ಸೂರ್ಯ ಹುಟ್ಟಿದಾಗ ಶುರುವಾದ ಪಂಪು ಮುಳುಗಿದಾಗಲೇ ನಿಲ್ಲುತ್ತಿತ್ತು. ದೇವೇಂದ್ರಪ್ಪ ಒಬ್ಬನೇ ನಾಲ್ಕು ತಾಸಿಗೆ ಬಂದ್ ಮಾಡಿ, ತನ್ನ ಬಾವಿ ಇಳಿಯುವುದನ್ನು ದಂಡೆಯ ಮೇಲೆ ನಿಂತು ನೋಡುತ್ತಿದ್ದ. ಅವನ ಅರ್ಧ ಬೆಳೆ ಒಣಗಿತು.

ನಮ್ಮಲ್ಲಿ ಸಿಹಿನೀರು ಮೇಲೆ, ಸವಳು ಕೆಳಗೆ. ಮೇಲಿನದನ್ನು ಬಿಡುವಿಲ್ಲದೆ ಎಳೆದರೆ ಕೆಳಗಿನದು ಏರುತ್ತದೆ. ವಿಜ್ಞಾನದ ಮಾಸ್ತರನಿಗೆ ಇದು ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಯುಗಾದಿ ಆಗಿ ನಾಲ್ಕು ದಿನಕ್ಕೆ ದೇವೇಂದ್ರಪ್ಪನ ಹೆಂಡತಿ ಶೇಖವ್ವ ಬೆಳಿಗ್ಗೆ ನೀರು ಸೇದಿ, ಬೊಗಸೆಯಲ್ಲಿ ಕುಡಿದು, ಕೊಡವನ್ನು ಗಂಡನ ಕಡೆ ಸರಿಸಿದಳು. ಉಪ್ಪಾಗಿತ್ತು. ಐದೂ ಹೊಲದವರು ಅವತ್ತೇ ಪಂಪು ನಿಲ್ಲಿಸಿದರು, ಯಾರೂ ಹೇಳಬೇಕಾಗಲಿಲ್ಲ. ಮಳೆ ಬಂದರೆ ಎಲ್ಲ ತೊಳೆದುಹೋಗುತ್ತದೆ ಎಂದು ನಾನು ಧೈರ್ಯ ಹೇಳಿದೆ. ಈ ಸಲವೂ ನಂಬಿದರು.

ಮಳೆ ಬಂತು. ಆಮೇಲಿನ ಎರಡು ವರ್ಷವೂ ಬೇಕಾದಷ್ಟು ಬಂತು. ಬಾವಿ ಮೆಟ್ಟಿಲ ತನಕ ತುಂಬಿ ನಿಂತಿತು, ಉಪ್ಪು ಮಾತ್ರ ಹೋಗಲಿಲ್ಲ. ಊರವರು ಈಗ ಶುದ್ಧ ನೀರಿನ ಘಟಕದ ಮುಂದೆ ಪಾಳಿ ಹಚ್ಚುತ್ತಾರೆ, ಅದು ನಡೆಯುವುದೂ ಕರೆಂಟ್ ಇದ್ದಾಗಲೇ. ಹೋದ ವಾರ ನಾನು ಬಾವಿಯ ನೀರು ಬಾಯಿಗೆ ಹಾಕಿಕೊಂಡೆ. ಸಿಹಿ ಅನಿಸಿತು. ಆಣೆ ಮಾಡಿ ಹೇಳುತ್ತೇನೆ, ಸಿಹಿ ಅನಿಸಿತು. ಒಂದು ಕೊಡ ತುಂಬಿಸಿಕೊಂಡು, ದೇವೇಂದ್ರಪ್ಪನನ್ನು ಮಧ್ಯಾಹ್ನದ ಊಟಕ್ಕೆ ಕರೆದೆ.

ನನ್ನ ಹೆಂಡತಿ ಪದ್ಮಾಬಾಯಿ, ನಾಲಗೆ ಸುಳ್ಳು ಹೇಳುತ್ತದೆ, ತೊಗರಿಬೇಳೆ ಹೇಳುವುದಿಲ್ಲ ಎಂದು ಅದೇ ನೀರಿಟ್ಟು ಬೇಳೆ ಹಾಕಿದಳು. ಕುಕ್ಕರ್ ಬೇಡ, ಸೋಡಾ ಬೇಡ, ಬರೀ ಪಾತ್ರೆ. ಸಿಹಿನೀರಾದರೆ ಅರ್ಧ ತಾಸಿಗೆ ಕರಗುತ್ತದೆ, ಸವಳಾದರೆ ಬೇಯುವುದೇ ಇಲ್ಲ. ಒಂದು ತಾಸಾಯಿತು, ಎರಡಾಯಿತು. ನಾನು ನಾಲ್ಕು ಸಲ ಮುಚ್ಚಳ ತೆಗೆದೆ. ಕಾಳು ಹಾಕಿದ ಹಾಗೇ ಹೊರಳುತ್ತಿದ್ದವು. ಕೊನೆಗೆ ಸಿಲಿಂಡರ್ ಖಾಲಿಯಾಗಿ ಉರಿ ತಾನಾಗಿ ಆರಿತು.

ದೇವೇಂದ್ರಪ್ಪ ಬಂದು ಕೂತ. ಬೇರೆ ಸಾರು ಮಾಡಲು ಉರಿ ಇರಲಿಲ್ಲ, ಅದನ್ನೇ ಬಡಿಸಿದೆವು. ಅವನು ಕಲಸಿ ಬಾಯಿಗಿಟ್ಟುಕೊಂಡು ಬಹಳ ಹೊತ್ತು ಜಗಿದ. ನಾನು ಅವನ ದವಡೆಯನ್ನೇ ನೋಡುತ್ತಿದ್ದೆ.

"ದೇವೇಂದ್ರಪ್ಪ, ಬೈದಬಿಡು ನನಗ," ಎಂದೆ.

ಅವನು ನನ್ನ ಕಡೆ ನೋಡಲಿಲ್ಲ, ತಟ್ಟೆಯನ್ನು ಪದ್ಮಾಬಾಯಿಯ ಕಡೆ ಸರಿಸಿದ.

"ಬ್ಯಾಳಿ ಛಲೋ ಬೆಂದೈತ್ರಿ ಅಕ್ಕಾರ. ಇನ್ನೊಂದೀಟ ಹಾಕ್ರಿ."

ಅವಳು ಸೌಟು ತುಂಬಿ ಹಾಕಿದಳು. ಕಾಳು ಬೇರೆ, ನೀರು ಬೇರೆಯಾಗಿ ತಟ್ಟೆಯಲ್ಲಿ ಹರಿಯಿತು. ಅವನು ಅದನ್ನೂ ತಲೆ ತಗ್ಗಿಸಿ, ಒಂದು ಕಾಳು ಉಳಿಸದೆ ಉಂಡ.